ದುಬೈಗೆ ಪರ್ಮಿಟ್ ಇಲ್ಲದ ಬಸ್ಸು

ಶೀನಪ್ಪ ಸೀಟಿ ಊದಿದರೆ ನೇತ್ರಾವತಿ ನಿಲ್ಲುತ್ತಿದ್ದಳು. ಮಳೆಗಾಲದ ಕೆಂಪು ನೀರು ತೆಂಗಿನ ಮರಗಳನ್ನು ಬುಡಸಮೇತ ಕಿತ್ತುಕೊಂಡು ಬಂಟ್ವಾಳದ ಸಂಕದ, ಅಂದರೆ ಸೇತುವೆಯ, ಕೆಳಗೆ ಸಮುದ್ರಕ್ಕೆ ಓಡುತ್ತಿರುವಾಗ, ಒಂದೇ ಒಂದು ಸೀಟಿ. ನದಿ ಇದ್ದಲ್ಲೇ ನಿಂತಿತು. ಹಿಂದಿನಿಂದ ಬರುತ್ತಿದ್ದ ನೀರು ಮುಂದಿನ ನೀರಿಗೆ ಢಿಕ್ಕಿ ಹೊಡೆಯದೆ ಮರ್ಯಾದೆಯಿಂದ ಸಾಲಾಗಿ ನಿಂತಿತು. ಇಳಿಯುವ ಮೀನುಗಳು ಇಳಿದವು, ಹತ್ತುವ ಮೀನುಗಳು ಹತ್ತಿದವು. ಆಮೇಲೆ ಎರಡು ಸೀಟಿ. ‘ರೈಟ್, ಪೋಯಿ!’ ಎಂದದ್ದೇ ನದಿ ಹೊರಟುಹೋಯಿತು.

ಇದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇಲ್ಲ. ಕೇಳಿದವರು ಎಲ್ಲರೂ. ಶಿರ್ತಾಡಿ ಪೇಟೆಯ ಹೋಟೆಲಿನಲ್ಲಿ ಅರ್ಧ ಗ್ಲಾಸು ಚಹಾ ಹಿಡಿದುಕೊಂಡು ಶೀನಪ್ಪನೇ ಇದನ್ನು ಎಷ್ಟು ಸಲ ಹೇಳಿದ್ದಾನೆಂದರೆ, ಆ ಹೋಟೆಲಿನ ಗೋಡೆಗೆ ಬಾಯಿ ಬಂದಿದ್ದರೆ ಅದೂ ತಪ್ಪಿಲ್ಲದೆ ಒಪ್ಪಿಸುತ್ತಿತ್ತು.

ಶೀನಪ್ಪ ಜೀವಮಾನವಿಡೀ ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಐವತ್ತು ಸೀಟಿನ ಬಸ್ಸಿನಲ್ಲಿ ಅವನು ಐನೂರು ಜನರನ್ನು ತುಂಬಿಸುತ್ತಿದ್ದ; ಅದರ ಮೇಲೆ ಹಲಸಿನ ಹಣ್ಣು, ಕೋಳಿ, ಒಮ್ಮೆ ಒಂದು ಮದುವೆಯ ಇಡೀ ದಿಬ್ಬಣ. ಕಣ್ಣು ಮುಚ್ಚಿಕೊಂಡು ಟಿಕೆಟ್ ಹರಿಯುತ್ತಿದ್ದ. ಪ್ರಯಾಣಿಕರ ಕಾಲಿನ ಬೆರಳು ನೋಡಿ ಅವರು ಇಳಿಯುವ ಸ್ಟಾಪು ಹೇಳುತ್ತಿದ್ದ. ಇದೆಲ್ಲ ಇರಲಿ. ಒಂದು ಸಂಗತಿಯಲ್ಲಿ ಮಾತ್ರ ಅವನ ಸೀಟಿಗೂ ಅಧಿಕಾರ ಇರಲಿಲ್ಲ. ಆ ಬಸ್ಸನ್ನು ಮೂಡಬಿದ್ರೆಯಿಂದ ಬೆಳ್ತಂಗಡಿಯ ತನಕ ಎಲ್ಲರೂ ಕರೆಯುತ್ತಿದ್ದದ್ದು ‘ಶುಕೂರನ ಬಸ್ಸು’ ಎಂದು.

ಅಬ್ದುಲ್ ಶುಕೂರ್ ಅದರ ಡ್ರೈವರ್. ಬಾಯಲ್ಲಿ ಮಾತಿಲ್ಲದ, ಮುಖದಲ್ಲಿ ಯಾವಾಗಲೂ ಸಣ್ಣ ನಗು ಇಟ್ಟುಕೊಂಡ ಮನುಷ್ಯ. ಮುಂದಿನ ಸೀಟಿನ ಹೆಂಗಸರು ಹಲಸಿನ ಹಪ್ಪಳ ತಂದರೆ ಅವನಿಗೆ, ಪತ್ರೊಡೆ ತಂದರೆ ಅವನಿಗೆ, ಮಗಳ ಮದುವೆಯ ಲಾಡು ಮೊದಲು ಅವನಿಗೆ. ಶೀನಪ್ಪನಿಗೆ ಬರುತ್ತಿದ್ದದ್ದು ಹರಿದ ನೋಟು ಮತ್ತು ಬೈಗುಳ. ‘ಶುಕೂರನ ಬಸ್ಸು ಹೋಯ್ತಾ?’ ಎಂದು ಯಾರಾದರೂ ಸ್ಟಾಪಿನಲ್ಲಿ ಕೇಳಿದರೆ, ಅದೇ ಬಸ್ಸಿನ ಮೆಟ್ಟಿಲಲ್ಲಿ ನೇತಾಡುತ್ತಿದ್ದ ಶೀನಪ್ಪ, “ಇಲ್ಲ, ಅದು ಬರ್ಲಿಲ್ಲ. ಇದು ಶೀನಪ್ಪನ ಬಸ್ಸು” ಎನ್ನುತ್ತಿದ್ದ. ಪಾಪ, ಕೆಲವರು ನಂಬಿ ಹತ್ತದೆ ಉಳಿದದ್ದೂ ಉಂಟು.

ಇಬ್ಬರೂ ಕೆಲಸ ಬಿಟ್ಟ ಮೇಲೆ ಈ ಕಿಚ್ಚು ತಣ್ಣಗಾಗಬೇಕಿತ್ತು. ಆಗಿಯೂ ಇತ್ತು, ಹೆಚ್ಚು ಕಡಿಮೆ. ಶೀನಪ್ಪನಿಗೆ ಈಗ ಬೇರೆ ಕೆಲಸ ಸಿಕ್ಕಿತ್ತು: ಮೊಮ್ಮಗಳು ಸಾತ್ವಿಕಾ. ಮಗ ಜಿತೇಶ್ ದುಬೈಯ ಹೋಟೆಲೊಂದರಲ್ಲಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ. ಸೊಸೆ ಸುರಕ್ಷಾ ಬೆಳಗ್ಗೆ ಬಸ್ಸು ಹತ್ತಿ ಮೂಡಬಿದ್ರೆಯ ಬಟ್ಟೆಯಂಗಡಿಯ ಕೆಲಸಕ್ಕೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತು. ಮಗುವನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಕೈಹಿಡಿದು ಅಂಗನವಾಡಿಗೆ ಬಿಡುವುದು, ಎಲ್ಲ ಅಜ್ಜನೇ. ನಾಲ್ಕು ವರ್ಷದ ಆ ಮಗುವಿನ ಬಗ್ಗೆ ಅವನು ಹೋಟೆಲಿನಲ್ಲಿ ಹೇಳುತ್ತಿದ್ದದ್ದು ಕೇಳಬೇಕು: ಇಪ್ಪತ್ತರ ಮಗ್ಗಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಬೆಳಗಿನ ಪೇಪರ್ ಓದಿ ಮುಗಿಸದೆ ಹಾಲು ಕುಡಿಯುವುದಿಲ್ಲ, ಇಂಗ್ಲಿಷ್ ಮಾತಾಡಿದರೆ ಇಂಗ್ಲಿಷರಿಗೇ ಅರ್ಥವಾಗುವುದಿಲ್ಲ. ಕೊನೆಯದು ನಿಜ. ಉಳಿದಂತೆ ಮಗು ಹತ್ತರ ತನಕ ಎಣಿಸಿ, ಹನ್ನೊಂದು ಹನ್ನೆರಡನ್ನು ಬಿಟ್ಟು ಹದಿಮೂರಕ್ಕೆ ಹಾರುತ್ತಿತ್ತು.

ಹಾಗಿರುವಾಗ ಒಂದು ಸಂಜೆ ಶೀನಪ್ಪ ಎಂದಿನಂತೆ ಕೇಳಿದ: “ಇವತ್ತು ಎಂತ ಕಲ್ಸಿದ್ರು ಮಗಾ?”

“ಬಸ್ಸು,” ಎಂದಳು ಸಾತ್ವಿಕಾ. ಬಾಯಲ್ಲಿ ಗಂಜಿ ತುಂಬಿತ್ತು. ಕೈಯಲ್ಲಿ ಚಮಚವನ್ನು ನೆಟ್ಟಗೆ ಹಿಡಿದು, ಹಿಂದೆ ಎಳೆದು, ಮುಂದೆ ತಳ್ಳಿ, ‘ಕ್ರರ್ರ್’ ಎಂದಳು.

ಶೀನಪ್ಪನ ಎದೆ ಉಬ್ಬಿತು. “ನೋಡು ನೀಲಾ, ರಕ್ತ ಅಂದ್ರೆ ಇದು. ಯಾವ ಬಸ್ಸು ಮಗಾ? ಅಜ್ಜನ ಬಸ್ಸಾ?”

“ಅಲ್ಲ. ಶುಕೂರಜ್ಜನ ಬಸ್ಸು.”

ಅಡುಗೆ ಮನೆಯಲ್ಲಿ ಮೀನಿಗೆ ಮಸಾಲೆ ಹಚ್ಚುತ್ತಿದ್ದ ಹೆಂಡತಿ ನೀಲಾವತಿ ನಕ್ಕ ಸದ್ದು ಶೀನಪ್ಪನಿಗೆ ಕೇಳಿಸಿತು. ಆ ಕ್ಷಣ ಅವನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನಲ್ಲಿ ಶಿರ್ತಾಡಿಯ ಎಲ್ಲ ಮದುವೆಗಳ ಅನ್ನ ಬೇಯಿಸಿ, ಉಳಿದ ಕೆಂಡದಲ್ಲಿ ಬೆಳುವಾಯಿಯವರಿಗೆ ಹಪ್ಪಳ ಸುಡಬಹುದಿತ್ತು.

ಆದದ್ದು ಇಷ್ಟು. ಶುಕೂರನ ಮೊಮ್ಮಗ ಶಮೀರ್ ಅದೇ ಅಂಗನವಾಡಿಗೆ ಸೇರಿದ್ದ. ಬಾಗಿಲ ಬಳಿ ಬಂದರೆ ಸಾಕು, ಅಜ್ಜನ ಪಂಚೆ ಹಿಡಿದು ಕೂಗುತ್ತಿದ್ದ. ಒಂದು ದಿನ ಶುಕೂರ್ ಒಳಗೇ ಕೂತುಬಿಟ್ಟ. ಸುಮ್ಮನೆ ಕೂರಲಾರದೆ ಅನ್ನದ ಪಾತ್ರೆಯ ಮುಚ್ಚಳವನ್ನು ಎದೆಯ ಮುಂದೆ ಹಿಡಿದು ತಿರುಗಿಸಿದ, ಕೊಡೆಯನ್ನು ಪಕ್ಕದಲ್ಲಿ ಊರಿ ಗೇರು ಹಾಕಿದ, ಬಾಯಲ್ಲಿ ಹಾರ್ನ್ ಹೊಡೆದ. ಶಮೀರನ ಅಳು ನಿಂತಿತು. ಉಳಿದ ಮಕ್ಕಳು ಹಿಂದೆ ಬಂದು ಕೂತರು. ಪ್ರೇಮಾವತಿ ಟೀಚರ್, “ನೀವು ನಾಳೆಯೂ ಬನ್ನಿ ಶುಕೂರಣ್ಣ” ಎಂದರು. ಅಂದಿನಿಂದ ಬಸ್ಸು ತಪ್ಪದೆ ಓಡುತ್ತಿತ್ತು.

ಆ ವಾರವಿಡೀ ಶೀನಪ್ಪನ ಮನೆಯಲ್ಲಿ ಅದೇ ಹೆಸರು. ಸ್ನಾನಕ್ಕೆ ಬಾ ಎಂದರೆ, “ಶುಕೂರಜ್ಜ ಡೀಸಲ್ ಹಾಕ್ಲಿಕ್ಕೆ ಕರೆದ್ರೆ ಬರ್ತೇನೆ.” ಹಾಲು ಕುಡಿ ಎಂದರೆ, “ಶುಕೂರಜ್ಜ ಎರಡು ಲೋಟ ಕುಡೀತಾರೆ.” ಕಥೆ ಹೇಳುತ್ತೇನೆ ಎಂದರೆ, ಶುಕೂರಜ್ಜನ ಹಾರ್ನ್ ಹೊಡೆಯಲು ಬರುತ್ತದಾ ಎಂದು ಪರೀಕ್ಷೆ. ಶೀನಪ್ಪ ಗಂಟಲು ಹರಿದುಕೊಂಡು ಹಾರ್ನ್ ಹೊಡೆದ. ಮಗು ತಲೆ ಓರೆ ಮಾಡಿ ಕೇಳಿ, “ಇದು ಆಡು,” ಎಂದಿತು.

ಸೋಮವಾರ ಅವನು ಟೀಚರಿನ ಎದುರು ಹೋಗಿ ನಿಂತ.

“ಟೀಚರೇ, ನಾನು ಸೀದಾ ಹೇಳ್ತೇನೆ. ಮಗುವನ್ನು ಕಲೀಲಿಕ್ಕೆ ಕಳ್ಸುದು ನಾವು. ಇಲ್ಲಿ ನೋಡಿದ್ರೆ ಬರೀ ಆಟ. ಅಕ್ಷರ ಉಂಟಾ? ಇಲ್ಲ. ಲೆಕ್ಕ ಉಂಟಾ? ಇಲ್ಲ. ಒಬ್ಬ ಬಂದು ಮುಚ್ಚಳ ತಿರುಗಿಸಿದ್ರೆ ಅದು ವಿದ್ಯೆಯಾ?”

ಪ್ರೇಮಾವತಿ ಟೀಚರ್ ಮಕ್ಕಳ ಕೈ ತೊಳೆಸುತ್ತಿದ್ದರು. ಹಿಂದೆ ತಿರುಗದೆಯೇ ಹೇಳಿದರು: “ಶೀನಪ್ಪಣ್ಣ, ಹದಿಮೂರಕ್ಕೆ ಹಾರುವ ನಿಮ್ಮ ಸಾತ್ವಿಕಾ ಮೊನ್ನೆ ಹನ್ನೊಂದು ಜನರನ್ನು ಲೆಕ್ಕ ಮಾಡಿ ಬಸ್ಸಿಗೆ ಹತ್ತಿಸಿದಳು. ಯಾಕೆ ಗೊತ್ತುಂಟಾ? ಒಬ್ಬ ಬಿಟ್ಟುಹೋದ್ರೆ ಅವ ಅಳ್ತಾನೆ. ನಾನು ಬೋರ್ಡಿನಲ್ಲಿ ಬರೆದ ಹನ್ನೊಂದು ಅಳುದಿಲ್ಲ, ಹಾಗೆ ಅದು ಅವಳಿಗೆ ನೆನಪಿರುದಿಲ್ಲ.”

“ಅದು ಸರಿ…”

“ಮತ್ತೆ ಆ ಅಶ್ವಿತ್. ಬಂದು ಮೂರು ತಿಂಗಳು ಬಾಯಿ ಬಿಡದ ಮಗು. ಮೊನ್ನೆ ಬಸ್ಸಿನಲ್ಲಿ ‘ಇಳೀಲಿಕ್ಕುಂಟು’ ಅಂತ ಕೂಗಿದ. ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳುದು. ನೀವು ಹೊರಗೆ ನಿಂತು ಒಮ್ಮೆ ನೋಡಿ. ಆಮೇಲೆ ಬೈಯಿರಿ, ನಾನು ಇಲ್ಲೇ ಇರ್ತೇನೆ.”

ಶೀನಪ್ಪ ಕಿಟಕಿಯ ಹೊರಗೆ ನಿಂತು ನೋಡಿದ. ಒಳಗೆ ಪುಟ್ಟ ಕುರ್ಚಿಗಳ ಸಾಲು. ಎಲ್ಲಕ್ಕಿಂತ ಮುಂದೆ, ತನ್ನ ದೊಡ್ಡ ದೇಹವನ್ನು ಮುಷ್ಟಿಯಷ್ಟು ಕುರ್ಚಿಯಲ್ಲಿ ತುರುಕಿಕೊಂಡ ಶುಕೂರ್. ಅವನ ಪಕ್ಕದಲ್ಲೇ, ಗೇರು ಕೊಡೆಯ ಮೇಲೆ ಕೈ ಇಟ್ಟುಕೊಂಡು, ಸಾತ್ವಿಕಾ.

“ಎಲ್ಲಿಗೆ ಹೋಗುವ ಇವತ್ತು?” ಶುಕೂರ್ ಕೇಳಿದ.

“ಸಮುದ್ರಕ್ಕೆ!” “ಅಜ್ಜಿ ಮನೆಗೆ!” “ದುಬೈಗೆ!”

ದುಬೈ ಎಂದದ್ದು ಸಾತ್ವಿಕಾ.

“ಸರಿ, ದುಬೈ. ಮೊಟ್ಟೆ ಕೊಡುವ ಹೊತ್ತಿಗೆ ವಾಪಸು ಬರ್ಬೇಕು ಆಯ್ತಾ?” ಶುಕೂರ್ ಮುಚ್ಚಳ ತಿರುಗಿಸಿದ. ಬಸ್ಸು ಎಡಕ್ಕೆ ವಾಲಿತು, ಮಕ್ಕಳೆಲ್ಲ ಎಡಕ್ಕೆ ವಾಲಿದರು. ಸಮುದ್ರ ಬಂತು, ಕಾಲು ಮೇಲೆತ್ತಿದರು. ಅಶ್ವಿತ್ ತಿಮಿಂಗಿಲವಾಗಿ ಬಂದು ಟಯರಿಗೆ ಗಾಳಿ ಹಾಕಿದ. ದುಬೈ ಬಂತು. ಸಾತ್ವಿಕಾ ಇಳಿದು, ಗೋಡೆಯ ಹತ್ತಿರ ಹೋಗಿ ಗೋಡೆಯೊಂದಿಗೆ ಏನೋ ಮಾತಾಡಿ, ಮತ್ತೆ ಓಡಿಬಂದು ಗೇರು ಹಿಡಿದಳು. “ಪಪ್ಪ ಹುಷಾರಿದ್ದಾರೆ. ರೈಟ್ ಪೋಯಿ!”

ನೋಡುತ್ತ ನಿಂತ ಶೀನಪ್ಪನಿಗೆ ಟೀಚರ್ ತೋರಿಸಬೇಕೆಂದಿದ್ದ ವಿದ್ಯೆ ಯಾವುದೂ ಕಾಣಲಿಲ್ಲ. ಅವನಿಗೆ ಕಂಡದ್ದು ಒಂದೇ: ರೈಟ್ ಪೋಯಿ ಅವನ ಮಾತು. ಡ್ರೈವರಿನದ್ದಲ್ಲ, ಕಂಡಕ್ಟರಿನದ್ದು. ಅದನ್ನೂ ಕೊಂಡುಹೋಗಿ ಮಗು ಆ ಶುಕೂರನ ಬಸ್ಸಿನಲ್ಲಿ ಕೂಗುತ್ತಿತ್ತು.

ಮರುದಿನ ಶೀನಪ್ಪ ಪೆಟ್ಟಿಗೆಯ ತಳದಿಂದ ಖಾಕಿ ಅಂಗಿ ತೆಗೆದ. ಗುಂಡಿ ಹೊಟ್ಟೆಗೆ ಒಪ್ಪಲಿಲ್ಲ, ಪಿನ್ನು ಹಾಕಿದ. ಸ್ಟೀಲಿನ ಸೀಟಿಯನ್ನು ಹುಣಸೆಹುಳಿ ಹಾಕಿ ತಿಕ್ಕಿದ.

“ಎಲ್ಲಿಗೆ ಸವಾರಿ? ಮದುವೆಗಾ?” ನೀಲಾವತಿ ಕೇಳಿದಳು.

“ಡ್ಯೂಟಿಗೆ.”

“ಆ ಚಿಳ್ಳೆಪಿಳ್ಳೆಗಳ ಬಸ್ಸಿಗಾ? ದೇವರೇ! ಅಲ್ಲಿಯೂ ಹೋಗಿ ಜಗಳ ಮಾಡ್ಬೇಡಿ ಮಾರಾಯ್ರೇ.”

ಅಂಗನವಾಡಿಯಲ್ಲಿ ಅವನು ಒಂದು ಸೀಟಿ ಊದಿದ ಕೂಡಲೇ ಮಕ್ಕಳೆಲ್ಲ ಸ್ತಬ್ಧ. ಗೋಡೆಯ ಮೇಲಿನ ಹಲ್ಲಿಯೂ ಸ್ತಬ್ಧ. “ಅಜ್ಜ!” ಎಂದು ಸಾತ್ವಿಕಾ ಕುಣಿದಳು. ಮೊದಲ ಐದು ನಿಮಿಷ ಶೀನಪ್ಪ ಸ್ವರ್ಗದಲ್ಲಿದ್ದ. ಶುಕೂರ್ ಕೂಡ ಸಂತೋಷದಿಂದ, “ಬಾ ಶೀನಣ್ಣ, ನೀನಿಲ್ಲದೆ ಬಸ್ಸಿಗೆ ಕಳೆ ಇರ್ಲಿಲ್ಲ” ಎಂದ. ಆ ದೊಡ್ಡ ಮನಸ್ಸು ಶೀನಪ್ಪನಿಗೆ ಇನ್ನಷ್ಟು ಉರಿ ಹತ್ತಿಸಿತು.

ಇನ್ನು ಕಂಡಕ್ಟರ್ ಕೆಲಸ ಎಂದರೆ ಏನೆಂದು ತೋರಿಸುವುದೇ ಸರಿ ಎಂದು ಅವನು ಶುರುಮಾಡಿದ.

“ಎಲ್ರೂ ಕೆಳಗಿಳೀರಿ. ಸಾಲು! ಟಿಕೆಟಿಲ್ಲದವರು ಹತ್ಲಿಕ್ಕಿಲ್ಲ.” ಗೋಡಂಬಿ ಮರದ ಎಲೆಗಳನ್ನೇ ಟಿಕೆಟ್ ಎಂದು ಕೊಟ್ಟ. “ಹೆಂಗಸರು ಮುಂದೆ, ಗಂಡಸರು ಹಿಂದೆ. ಏಯ್, ನೀನು ಕಿಟಕಿಯಿಂದ ಕೈ ಹೊರಗೆ ಹಾಕ್ಬೇಡ.”

“ಕಿಟಕಿ ಇಲ್ಲ,” ಎಂದ ಶಮೀರ್.

“ಉಂಟು ಅಂತ ತಿಳ್ಕೊ. ಈಗ ಹೇಳಿ, ಮೂಡಬಿದ್ರೆ ಆದ ಮೇಲೆ?”

“ದುಬೈ!” ಎಂದಳು ಸಾತ್ವಿಕಾ.

“ತಪ್ಪು! ಶಿರ್ತಾಡಿ. ಶಿರ್ತಾಡಿ ಆದ ಮೇಲೆ ನಾರಾವಿ. ನಾರಾವಿ ಆದ ಮೇಲೆ ಅಳದಂಗಡಿ. ಆಮೇಲೆ ಗುರುವಾಯನಕೆರೆ, ಬೆಳ್ತಂಗಡಿ. ಎಲ್ರೂ ಒಟ್ಟಿಗೆ ಹೇಳಿ.”

“ಸಮುದ್ರ ಯಾವಾಗ ಬರ್ತದೆ?” ಎಂದು ಅಶ್ವಿತ್ ಕೇಳಿದ. ಮೂರು ತಿಂಗಳು ಮಾತಾಡದ ಮಗು.

“ಈ ರೂಟಿನಲ್ಲಿ ಸಮುದ್ರ ಇಲ್ಲ.”

“ದುಬೈ?”

“ದುಬೈಗೆ ಪರ್ಮಿಟ್ ಇಲ್ಲ.”

ಬಸ್ಸು ಹೊರಟಿತು. ಒಂದು ಸೀಟಿಗೆ ನಿಂತಿತು, ಎರಡು ಸೀಟಿಗೆ ಹೊರಟಿತು. ಅಳದಂಗಡಿ ತಲುಪುವಷ್ಟರಲ್ಲಿ ಅಶ್ವಿತ್ ಇಳಿದು ಮೂಲೆಯ ಆಟದ ಮರದ ತುಂಡುಗಳ ಹತ್ತಿರ ಹೋದ. ಇನ್ನಿಬ್ಬರು ಅವನ ಹಿಂದೆ. ಶಮೀರ್ ಉಚ್ಚೆ ಬಂತೆಂದು ಹೋದವನು ಬರಲೇ ಇಲ್ಲ. ಗುರುವಾಯನಕೆರೆಯಲ್ಲಿ ಸಾತ್ವಿಕಾ ಗೇರು ಕೊಡೆಯನ್ನು ಮೆಲ್ಲ ನೆಲಕ್ಕೆ ಮಲಗಿಸಿ, ಹಿಂದಿನ ದಿನ ಮಾತಾಡಿದ ಆ ಗೋಡೆಯ ಹತ್ತಿರ ಹೋಗಿ ಕೂತಳು.

ಬೆಳ್ತಂಗಡಿಗೆ ಬಂದ ಬಸ್ಸಿನಲ್ಲಿ ಉಳಿದವರು ಇಬ್ಬರು ಮುದುಕರು.

“ಶೀನಣ್ಣ,” ಎಂದ ಶುಕೂರ್, ಮುಚ್ಚಳ ಹಿಡಿದುಕೊಂಡೇ. “ಟೈಮಿಗೆ ಸರಿಯಾಗಿ ಬಂದೆವು ಮಾರಾಯ. ಆದ್ರೆ ಜನ ಇಲ್ಲ.”

“ನಿನ್ನ ಡ್ರೈವಿಂಗ್ ಸರಿ ಇಲ್ಲ. ಅದಕ್ಕೆ ಇಳಿದು ಹೋದದ್ದು,” ಎಂದು ಶೀನಪ್ಪ ಸೀಟಿ ಕಿಸೆಗೆ ಹಾಕಿಕೊಂಡು ಹೊರಬಿದ್ದ.

ಸಂಜೆ ಮಗು ಅವನ ಮಡಿಲಿಗೆ ಬರಲಿಲ್ಲ. ಅಂಗಳದ ಮೆಟ್ಟಿಲಲ್ಲಿ ಕೂತು ಒಂದು ಕಡ್ಡಿಯಿಂದ ಮಣ್ಣು ಕೆದಕುತ್ತಿತ್ತು. ಶೀನಪ್ಪ ಪಕ್ಕದಲ್ಲಿ ಕೂತ. ಕೆಮ್ಮಿದ. ಹಾರ್ನ್ ಹೊಡೆದ. ಪ್ರಯೋಜನವಿಲ್ಲ.

“ನಾಳೆ ಶುಕೂರಜ್ಜ ಒಬ್ರೇ ಬರ್ಲಿ,” ಎಂದಳು. “ಅವರ ಬಸ್ಸು ದುಬೈಗೆ ಹೋಗ್ತದೆ.”

ಅಷ್ಟು ಸಾಕಾಯಿತು. ಶೀನಪ್ಪನ ನಾಲಿಗೆಗೆ ಬ್ರೇಕ್ ಇದ್ದದ್ದು ಅಷ್ಟಕ್ಕಷ್ಟೆ. ಈಗ ಅದೂ ತುಂಡಾಯಿತು.

“ಅವನ ಬಸ್ಸು! ಮುಚ್ಚಳದ ಬಸ್ಸು ಎಲ್ಲಿಗೆ ಹೋಗ್ತದೆ ಮಗಾ? ದುಬೈಗೆ ನಿಜವಾಗಿ ಬಸ್ಸು ಕೊಂಡುಹೋದವ ಈ ನಿನ್ನ ಅಜ್ಜ. ಪ್ರತಿ ಶುಕ್ರವಾರ!”

ಕಡ್ಡಿ ನಿಂತಿತು. “ನಿಜದ ಬಸ್ಸಾ?”

“ನಿಜದ್ದು. ದೊಡ್ಡದು. ಶಿರ್ತಾಡಿಯಲ್ಲಿ ಹತ್ತಿದ್ರೆ ಸೀದಾ ಬಂಟ್ವಾಳ. ಅಲ್ಲಿ ಸಂಕದ ಹತ್ತಿರ ನಾನು ಒಂದು ಸೀಟಿ ಊದ್ತೇನೆ, ನೇತ್ರಾವತಿ ನಿಲ್ತದೆ. ನದಿಗೆ ಇಳಿಸಿದೆವು ಬಸ್ಸನ್ನು. ಅಲ್ಲಿಂದ ಸಮುದ್ರ, ಅದಕ್ಕೂ ಒಂದು ಸೀಟಿ. ನೀರು ಎರಡು ಪಾಲು, ನಡುವೆ ಡಾಂಬರು ರೋಡು. ಶುಕೂರ್ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೀತಾ ಇದ್ದ. ಬಸ್ಸು ಬಿಟ್ಟದ್ದು ಯಾರು? ನಾನು! ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಟಿಕೆಟ್.”

“ಪಪ್ಪನ ಹೋಟೆಲ್ ಹತ್ತಿರ ನಿಲ್ತದಾ?”

“ಎದುರೇ ಸ್ಟಾಪು!”

ಮಗು ಎದ್ದು ಬಂದು ಅವನ ಮಡಿಲಲ್ಲಿ ಕೂತು, ಎರಡೂ ಕೈಯಿಂದ ಅವನ ಕೆನ್ನೆ ಹಿಡಿದು, ಬಹಳ ಹೊತ್ತು ಅವನ ಕಣ್ಣುಗಳನ್ನೇ ನೋಡಿತು. ಮಲಗುವ ತನಕ ಶುಕೂರನ ಹೆಸರು ಒಮ್ಮೆಯೂ ಬರಲಿಲ್ಲ. ಶೀನಪ್ಪ ಆ ದಿನ ಎರಡು ತಟ್ಟೆ ಅನ್ನ ಹೆಚ್ಚು ಉಂಡ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನೀಲಾವತಿ ಮಾತ್ರ ಬಡಿಸುತ್ತ ಹೇಳಿದಳು: “ಹೋಟೆಲಿನವರಿಗೆ ಹೇಳಿದ್ರೆ ಅವರು ನಗ್ತಾರೆ, ಬಿಡ್ತಾರೆ. ಅದು ಮಗು. ನಂಬ್ತದೆ.”

“ನಂಬ್ಲಿ! ಅಷ್ಟಾದ್ರೂ ಒಬ್ರು ನನ್ನನ್ನು ನಂಬ್ಲಿ.”

ಶುಕ್ರವಾರ ಬಂತು. ಸಾತ್ವಿಕಾ ಕರೆಯುವ ಮೊದಲೇ ಎದ್ದು, ಹೊಸ ಹಳದಿ ಫ್ರಾಕು ಹಾಕಿಸಿಕೊಂಡು, ಚೀಲವನ್ನು ತಾನೇ ಹೊತ್ತು ಹೊರಟಳು. ಪೇಟೆಯಲ್ಲಿ ಬಸ್‌ಸ್ಟಾಪು, ಅದರ ಪಕ್ಕ ಹೋಟೆಲ್, ಎರಡು ಹೆಜ್ಜೆ ಮುಂದೆ ಅಂಗನವಾಡಿ. ಹೋಟೆಲಿನ ಬಾಗಿಲಿನಿಂದ ಯಾರೋ, “ಶೀನಪ್ಪಣ್ಣ, ಡ್ಯೂಟಿಗೆ ಸೇರಿದ್ದಂತೆ? ಬಸ್ಸಿನಿಂದ ಮಕ್ಕಳೆಲ್ಲ ಇಳಿದು ಓಡಿದ್ರಂತೆ?” ಎಂದರು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಶಕ್ತಿ ಶೀನಪ್ಪನ ಕಾಲಿಗೆ ಇರಲಿಲ್ಲ. ಮಗುವಿನ ಕೈ ಬಿಟ್ಟು ತಿರುಗಿದ. “ಓಡಿದ್ದಾ? ಜಾಗ ಸಾಕಾಗದೆ ಮಕ್ಕಳು ಟಾಪಿನ ಮೇಲೆ ಹತ್ತಿದ್ರು ಮಾರಾಯ!” ಎಂದು ಶುರುಮಾಡಿದವನು ಟಾಪಿನಿಂದ ಇಳಿಯುವಷ್ಟರಲ್ಲಿ ಬೆಳ್ತಂಗಡಿಯ ಬಸ್ಸು ಬಂದಿತ್ತು, ನಿಂತಿತ್ತು, ಹೋಗಿತ್ತು.

ತಿರುಗಿ ನೋಡಿದರೆ ಸಾತ್ವಿಕಾ ಇಲ್ಲ.

ಅಂಗನವಾಡಿಗೆ ಓಡಿದ. “ಬರ್ಲಿಲ್ಲ,” ಎಂದರು ಪ್ರೇಮಾವತಿ ಟೀಚರ್, ಮುಖ ಬಿಳಿಚಿಕೊಂಡು. ಶಮೀರನನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದ ಶುಕೂರ್, “ಈಗ ಆ ಬಸ್ಸಿಗೆ ಹೆಂಗಸರ ನಡುವಿನಲ್ಲಿ ಒಂದು ಹಳದಿ ಫ್ರಾಕು ಹತ್ತಿತಲ್ಲ ಶೀನಣ್ಣ? ಮನೆಯವರು ಯಾರಾದ್ರೂ ಒಟ್ಟಿಗಿದ್ದಾರೆ ಅಂತ ನಾನು ತಿಳ್ಕೊಂಡೆ,” ಎಂದ.

ಶೀನಪ್ಪ ರಸ್ತೆಯ ನಡುವೆ ನಿಂತು ಸೀಟಿ ಊದಿದ. ಒಂದು. ಇನ್ನೊಂದು. ಎದೆ ಒಡೆಯುವ ಹಾಗೆ ಮತ್ತೊಂದು. ನದಿಗಳನ್ನು ನಿಲ್ಲಿಸಿದ ಸೀಟಿ. ಎದುರಿನ ಅಂಗಡಿಯ ನಾಯಿಯೂ ಕಿವಿ ಎತ್ತಲಿಲ್ಲ. ಬಸ್ಸು ತಿರುವಿನಲ್ಲಿ ಎಂದೋ ಮರೆಯಾಗಿತ್ತು.

“ಊದಿದ್ದು ಸಾಕು, ಹತ್ತು,” ಎಂದು ಶುಕೂರ್ ಸ್ಕೂಟರ್ ತಂದು ನಿಲ್ಲಿಸಿದ.

ಆ ಸ್ಕೂಟರ್ ಹೋದ ವೇಗಕ್ಕೆ ರಸ್ತೆ ಬದಿಯ ಮೈಲುಗಲ್ಲುಗಳು ಒಂದಕ್ಕೊಂದು ಅಂಟಿಕೊಂಡವೆಂದು ಶೀನಪ್ಪ ಬೇರೆ ದಿನವಾದರೆ ಹೇಳುತ್ತಿದ್ದ. ಅಂದು ಶುಕೂರನ ಬೆನ್ನಿಗೆ ಹಣೆ ಒತ್ತಿ ಕೂತಿದ್ದ. ಆ ಬೆನ್ನನ್ನು ಅವನು ಇಷ್ಟು ವರ್ಷ ಹಿಂದಿನಿಂದ ನೋಡಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದ. ಈಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ನಾರಾವಿಗೆ ಇನ್ನೂ ದೂರವಿರುವಾಗಲೇ ಬಸ್ಸು ರಸ್ತೆ ಬದಿಯಲ್ಲಿ ನಿಂತಿರುವುದು ಕಂಡಿತು. ಮೆಟ್ಟಿಲಲ್ಲಿ ಕಂಡಕ್ಟರ್ ರಂಜಿತ್ ನಿಂತಿದ್ದ. ಶೀನಪ್ಪನ ಕೆಲಸಕ್ಕೆ ಬಂದವನು ಅವನೇ.

“ಬನ್ನಿ ಶೀನಪ್ಪಣ್ಣ, ಬನ್ನಿ. ಟಿಕೆಟ್ ಕೇಳಿದ್ರೆ ‘ದುಬೈ ಒಂದು’ ಅಂತ ಹೇಳ್ತಾಳೆ. ಯಾರ ಮಗು ಅಂತ ಕೇಳಿದ್ರೆ ‘ಈ ಬಸ್ಸು ನನ್ನ ಅಜ್ಜನದ್ದು’ ಅಂತಾಳೆ. ಆಗ ಗೊತ್ತಾಯ್ತು ನಂಗೆ.”

ಮುಂದಿನ ಸೀಟಿನಲ್ಲಿ, ಇಬ್ಬರು ಹೆಂಗಸರ ನಡುವೆ, ಚೀಲವನ್ನು ಮಡಿಲಲ್ಲಿಟ್ಟು ಸಾತ್ವಿಕಾ ಕೂತಿದ್ದಳು. ಅತ್ತಿರಲಿಲ್ಲ. ಅಜ್ಜನನ್ನು ಕಂಡು ಮುಖ ಅರಳಿತು.

“ಅಜ್ಜ, ಬೇಗ ಹತ್ತು! ನೀನು ಸೀಟಿ ಊದದೆ ನೀರು ನಿಲ್ಲುದಿಲ್ಲ ಅಲ್ವಾ? ಇವರಿಗೆ ದಾರಿ ಗೊತ್ತಿಲ್ಲ.”

ಶೀನಪ್ಪ ಅವಳನ್ನು ಎತ್ತಿಕೊಳ್ಳಲು ಹೋದ. ಅವಳು ಸೀಟಿನ ಕಂಬಿ ಹಿಡಿದುಕೊಂಡಳು. ಚೀಲದ ಬಾಯಿ ತೆರೆಯಿತು. ಒಳಗೆ ಸಣ್ಣ ತುವಾಲು, ಅದರಲ್ಲಿ ಸುತ್ತಿದ ಒಂದು ಬೇಯಿಸಿದ ಮೊಟ್ಟೆ, ಒಂದು ಬದಿ ಜಜ್ಜಿಹೋಗಿ.

“ಅದು ಪಪ್ಪನಿಗೆ. ನಿನ್ನೆ ಅಂಗನವಾಡಿಯಲ್ಲಿ ಕೊಟ್ಟದ್ದು, ನಾನು ತಿನ್ಲಿಲ್ಲ.”

“ಇಳಿ ಮಗಾ. ಮನೆಗೆ ಹೋಗುವ,” ಎಂದ ಶೀನಪ್ಪ. “ಅಂಗನವಾಡಿಯಲ್ಲಿ ಶುಕೂರಜ್ಜನ ಬಸ್ಸು ಉಂಟಲ್ಲ. ಅದರಲ್ಲಿ ಹೋಗುವ ದುಬೈಗೆ.”

ಸಾತ್ವಿಕಾ ಅವನನ್ನು ದೊಡ್ಡವರು ಸಣ್ಣವರನ್ನು ನೋಡುವಂತೆ ನೋಡಿದಳು.

“ಅದು ಆಟ ಅಜ್ಜ. ಮುಚ್ಚಳ ಅದು. ಅದರಲ್ಲಿ ಹೋದ್ರೆ ಸಿಗುದು ಗೋಡೆ, ಪಪ್ಪ ಅಲ್ಲ. ನಂಗೆ ಗೊತ್ತುಂಟು, ಶಮೀರನಿಗೂ ಗೊತ್ತುಂಟು.” ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದು, “ನಿನ್ನದು ಆಟ ಅಲ್ಲ. ನೀನು ನಿಜದ್ದು ಅಂತ ಹೇಳಿದ್ದು.”

ಬಸ್ಸಿನ ಇಂಜಿನು ಆರಿಸಿದ್ದರು. ಯಾರೂ ಹೊತ್ತಾಯಿತೆಂದು ಗೊಣಗಲಿಲ್ಲ. ಹಿಂದಿನವರು ಕತ್ತು ಉದ್ದ ಮಾಡಿದ್ದರು. ಬಾಗಿಲಲ್ಲಿ ಶುಕೂರ್ ನಿಂತಿದ್ದ, ಮುಖದಲ್ಲಿ ಆ ಸಣ್ಣ ನಗು ಇಲ್ಲದೆ.

ಶೀನಪ್ಪ ಮಗುವಿನ ಎದುರು, ಇಂಜಿನಿನ ಪೆಟ್ಟಿಗೆಯ ಮೇಲೆ ಕೂತ.

“ಸುಳ್ಳು ಮಗಾ. ದುಬೈಗೆ ಬಸ್ಸು ಇಲ್ಲ. ಅಜ್ಜ ಹೋಗ್ಲಿಲ್ಲ. ಅಜ್ಜ ಬಂಟ್ವಾಳ ದಾಟಿ ಆಚೆ ಹೋದದ್ದೇ ಕಡಿಮೆ. ಅಜ್ಜನಿಗೆ ಬಸ್ಸು ಬಿಡಲಿಕ್ಕೂ ಬರುದಿಲ್ಲ.”

“ಸ್ಕೂಟರ್?”

“ಅದೂ ಬರುದಿಲ್ಲ.”

ಮಗುವಿನ ಕೆಳತುಟಿ ಮೆಲ್ಲ ಹೊರಗೆ ಬಂತು. ಮೊಟ್ಟೆಯನ್ನು ತುವಾಲಿನಲ್ಲಿ ಮತ್ತೆ ಸುತ್ತಿದಳು. “ಮತ್ತೆ ಯಾಕೆ ಹೇಳಿದ್ದು?”

“ನೀನು ದಿನಾ ಬಂದು ಶುಕೂರಜ್ಜ, ಶುಕೂರಜ್ಜ ಅಂತ ಹೇಳ್ತಿಯಲ್ಲಾ. ನಂಗೆ ಹೊಟ್ಟೆಕಿಚ್ಚು. ಈಗ ಬಂದದ್ದಲ್ಲ, ಮೊದಲಿಂದ ಉಂಟು. ಈ ಬಸ್ಸಿಗೂ ಅವನದ್ದೇ ಹೆಸರು. ನೀನಾದ್ರೂ ನನ್ನ ಬಸ್ಸಿಗೆ ಹತ್ಬೇಕು ಅಂತ ಆಸೆ ಆಯ್ತು. ನನ್ನ ಹತ್ರ ಬಸ್ಸು ಇರ್ಲಿಲ್ಲ. ಬಾಯಿ ಮಾತ್ರ ಇದ್ದದ್ದು.”

ಸಾತ್ವಿಕಾ ಯೋಚಿಸಿದಳು. ಕಂಬಿಯಿಂದ ಒಂದು ಕೈ ಬಿಟ್ಟಳು. ಇನ್ನೊಂದು ಬಿಡಲಿಲ್ಲ.

“ಹಾಗಾದ್ರೆ ನೇತ್ರಾವತಿ?”

“ಅದು…” ಎಂದು ಶೀನಪ್ಪ ಸುತ್ತಲೂ ನೋಡಿದ.

“ಹೇಳಿ ಶೀನಪ್ಪಣ್ಣ,” ಎಂದಳು ಮುಂದಿನ ಸೀಟಿನ ಹೆಂಗಸು. “ನಾವು ಕೂಡ ಎಷ್ಟು ವರ್ಷದಿಂದ ಕೇಳ್ತಾ ಇದ್ದೇವೆ.”

ಶೀನಪ್ಪ ಕಿಸೆಯಿಂದ ಸೀಟಿ ತೆಗೆದು ಮಗುವಿನ ಅಂಗೈಯಲ್ಲಿ ಇಟ್ಟ.

“ನದಿ ನಿಲ್ಲಲಿಲ್ಲ ಮಗಾ. ಅದು ಅದರಷ್ಟಕ್ಕೆ ಹೋಗ್ತಾ ಇತ್ತು. ಮದುವೆಯ ಟ್ರಿಪ್ ಇತ್ತು ಬಂಟ್ವಾಳಕ್ಕೆ. ಸಂಕದ ಮೇಲೆ ಒಂದು ಕರು ಅಡ್ಡ ಓಡಿತು. ನಿಂತದ್ದು ಬಸ್ಸು.”

“ನೀನು ಸೀಟಿ ಊದಿ ನಿಲ್ಸಿದ್ದು?”

ಶೀನಪ್ಪ ಬಾಗಿಲ ಕಡೆ ನೋಡಿದ. ಶುಕೂರ್ ತಲೆ ತಗ್ಗಿಸಿ ಚಪ್ಪಲಿಯ ತುದಿ ನೋಡುತ್ತಿದ್ದ. ಇಷ್ಟು ವರ್ಷ ಗೊತ್ತಿದ್ದೂ ಅವನು ಈ ಕಥೆಗೆ ಒಮ್ಮೆಯೂ ಎದುರು ಹೇಳಿದವನಲ್ಲ.

“ಇಲ್ಲ,” ಎಂದ ಶೀನಪ್ಪ. “ಅವನು ಮೊದಲೇ ನಿಲ್ಸಿಯಾಗಿತ್ತು. ನಾನು ಊದಿದ್ದು ಆಮೇಲೆ.”